ಲೇನಿನ ಹದ ನೋಡದೆ ಕೊಂಡ ಚೆಂಡು



ಹೋದ ಕ್ರಿಸ್ಮಸ್‌ಗೆ ಕ್ಯಾರಲ್ಸ್ ಹಾಡಿಕೊಂಡು ನಿಮ್ಮ ಮನೆಗಳಿಗೆ ಬಂದಾಗ ನೀವು ನಮ್ಮ ಡಬ್ಬಿಗೆ ಹಾಕಿದ ಹಣ ಒಟ್ಟು 14,350 ರೂಪಾಯಿ. ಅದು ಯಾವುದಕ್ಕೆ ಎಂದು ನಿಮಗೆಲ್ಲ ಗೊತ್ತು. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ನೋಟ್‌ಬುಕ್ಕು, ಪೆನ್ನು, ಜಾಮೆಟ್ರಿ ಬಾಕ್ಸು. ಆ ಹಣದಲ್ಲಿ 6,500 ರೂಪಾಯಿ ತೆಗೆದು ಜನವರಿಯಲ್ಲಿ ನಾವು ಒಂದು ಬೌಲಿಂಗ್ ಚೆಂಡು ಕೊಂಡೆವು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಹಣ ಈಗ ಡಬ್ಬಿಯಲ್ಲಿ ವಾಪಸ್ ಇದೆ, ಪೂರ್ತಿ ಇದೆ. ಆದರೂ ಲೆಕ್ಕ ಒಪ್ಪಿಸುವುದು ಅಂದರೆ ಮೊತ್ತ ಸರಿಹೋಯಿತು ಎಂದು ಹೇಳಿ ಕೈತೊಳೆದುಕೊಳ್ಳುವುದಲ್ಲ. ಹೋದದ್ದು ಹೇಗೆ, ಬಂದದ್ದು ಹೇಗೆ ಎಂಬುದನ್ನೂ ಹೇಳಬೇಕು. ಅದಕ್ಕೇ ಈ ಬರಹ. ಬೆಂಗಳೂರಿಗೆ ಹೋದಾಗ ಬೌಲಿಂಗ್ ಆಡುವ ಆಸೆ ಇರುವ ತಮ್ಮ ತಂಗಿಯರಿಗೆ ಉಪಯೋಗಕ್ಕೆ ಬರುವ ನಾಲ್ಕು ಮಾತೂ ಇದರಲ್ಲಿವೆ.

ಮೊದಲು ಮನೆಯ ಹಿರಿಯರಿಗೆ ಒಂದು ವಿವರಣೆ. ಇದು ಕ್ರಿಕೆಟ್ಟಿನ ಬೌಲಿಂಗ್ ಅಲ್ಲ. ಉದ್ದನೆಯ ನುಣುಪಾದ ಹಲಗೆಯ ದಾರಿ ಇರುತ್ತದೆ, ಅದಕ್ಕೆ ಲೇನ್ ಅನ್ನುತ್ತಾರೆ. ನಾವು ನಿಲ್ಲುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಅಗಲ ಮೂರೂವರೆ ಅಡಿಗೆ ಒಂದಿಷ್ಟು ಕಡಿಮೆ. ಆ ತುದಿಯಲ್ಲಿ ಹತ್ತು ಪಿನ್ನುಗಳು ತ್ರಿಕೋನದಲ್ಲಿ ನಿಂತಿರುತ್ತವೆ. ಮೂರು ತೂತಿರುವ ಭಾರದ ಚೆಂಡಿಗೆ ಬೆರಳು ತೂರಿಸಿ, ನಾಲ್ಕು ಹೆಜ್ಜೆ ನಡೆದು, ನೆಲಕ್ಕೆ ಉರುಳಿಸಿ ಅವನ್ನು ಬೀಳಿಸಬೇಕು. ಲೇನಿನ ಎರಡೂ ಕಡೆ ಚರಂಡಿಯಂಥ ತಗ್ಗು. ಅದಕ್ಕೆ ಬಿದ್ದರೆ ಸೊನ್ನೆ. ಹಳೆಯ ಜರ್ಮನಿಯಲ್ಲಿ ಒಂಬತ್ತು ಪಿನ್ನುಗಳಿದ್ದ ಆಟ ಅಮೆರಿಕಕ್ಕೆ ಹೋಗಿ ಹತ್ತು ಪಿನ್ನಿನದಾಯಿತು. 1895ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಹುಟ್ಟಿದ ಮೇಲೆ ಅದರ ಅಳತೆ, ನಿಯಮಗಳು ಒಂದೇ ಆದವು. 1978ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲೇ ಈ ಆಟಕ್ಕೆ ಪದಕಗಳಿದ್ದವು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಅಮೀಬಾದಲ್ಲಿ ರಾಷ್ಟ್ರೀಯ ಸ್ಪರ್ಧೆಗಳೂ ನಡೆದಿವೆ.

ಚಿಲಮತ್ತೂರಿನ ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಕಲಿತು ಬೆಳೆದವರು ನಾವು. ದುಡಿಯಲು ಮಾತ್ರ ಬೆಂಗಳೂರು. ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ನಿಂತರೆ ಬಸ್ಸು ಸಿಗುತ್ತದೆ. ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ದೇವನಹಳ್ಳಿ ದಾಟಿದರೆ ಹೆಬ್ಬಾಳ. ನಮ್ಮ ಗುಂಪಿನ ಮೂವರು ವಾರವಿಡೀ ಅಲ್ಲಿದ್ದು ಶನಿವಾರ ರಾತ್ರಿ ಊರಿಗೆ ಬರುತ್ತಾರೆ. ಅವರಲ್ಲಿ ಎಲ್ಲರಿಗಿಂತ ಎತ್ತರದವನು ದೇವನಹಳ್ಳಿ ಹತ್ತಿರದ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ. ಜೊತೆ ಕೆಲಸದವರು ಸಂಬಳದ ವಾರ ಬೌಲಿಂಗಿಗೆ ಹೋಗುವಾಗ ಇವನೂ ಹೋಗುತ್ತಿದ್ದ. ಅಲ್ಲಿನ ಬಾಡಿಗೆ ಚೆಂಡಿನಲ್ಲೇ 125, 130 ಹೊಡೆಯುತ್ತಿದ್ದ. ಪೂರ್ಣ ಅಂಕ 300 ಇರುವ ಆಟದಲ್ಲಿ ಅದು ದೊಡ್ಡದೇನಲ್ಲ, ಆದರೆ ನಮ್ಮಲ್ಲಿ ಅವನೇ ದೊಡ್ಡ ಆಟಗಾರ.

ಜನವರಿ ಮೊದಲ ವಾರ ಬೆಂಗಳೂರಿನ ಒಂದು ಧರ್ಮಕೇಂದ್ರದ ಯುವಜನರಿಂದ ನಮಗೆ ಕರೆ ಬಂತು. ನಾಲ್ಕು ನಾಲ್ಕು ಜನರ ತಂಡಗಳು, ಪ್ರತಿಯೊಬ್ಬರಿಗೂ ಮೂರು ಆಟ. ಮೊದಲ ಬಹುಮಾನ 10,000, ಎರಡನೆಯದು 5,000. ಪ್ರವೇಶದ ಹಣ ನಮ್ಮ ಕೈಯಿಂದಲೇ ಹಾಕಿದೆವು, ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ನಮ್ಮ ಎತ್ತರದವನು ಒಂದು ಸುದ್ದಿ ತಂದ. ಪರಿಚಯದ ಒಬ್ಬರು ಆಟ ಬಿಡುತ್ತಿದ್ದಾರೆ, ಸ್ವಂತ ಚೆಂಡು ಮಾರುತ್ತಾರೆ, ಬ್ಯಾಗಿನ ಸಮೇತ 5,000. ಹಳೆಯ ತೂತು ಮುಚ್ಚಿ ಇವನ ಬೆರಳಿನ ಅಳತೆಗೆ ಹೊಸ ತೂತು ಕೊರೆಸಲು 1,500. ಹೊಸದಾದರೆ ಇದರ ಎರಡು ಮೂರು ಪಟ್ಟು ಆಗುತ್ತದೆ ಎಂದ.

ಅವನು ಫೋನಿನಲ್ಲಿ ವೀಡಿಯೋ ತೋರಿಸಿದ. ಚೆಂಡು ಬಲಗಡೆಯ ಅಂಚಿನವರೆಗೆ ಹೋಗಿ, ಇನ್ನೇನು ತಗ್ಗಿಗೆ ಬಿತ್ತು ಅನ್ನುವಾಗ ಎಡಕ್ಕೆ ಬಾಗಿ ಹತ್ತೂ ಪಿನ್ನನ್ನು ಉಡಾಯಿಸಿತು. ಅದನ್ನು ಹುಕ್ ಅನ್ನುತ್ತಾರೆ. ನಾವೆಲ್ಲ ಬಾಯಿ ಬಿಟ್ಟು ನೋಡಿದೆವು. "ಬಾಡಿಗೆ ಚೆಂಡು ಹೀಗೆ ತಿರುಗಲ್ಲ, ಇದು ತಿರುಗುತ್ತೆ" ಎಂದ. ಡಬ್ಬಿಯ ಬೀಗದ ಕೈ ನಮ್ಮ ಹತ್ತಿರವೇ ಇತ್ತು. ಗೆದ್ದ ಹಣದಲ್ಲಿ ವಾಪಸ್ ಹಾಕಿದರಾಯಿತು, ಜೂನ್ ಇನ್ನೂ ದೂರ ಎಂದು ಒಬ್ಬರು ಹೇಳಿದರು. ಯಾರು ಹೇಳಿದ್ದು ಎಂದು ಈಗ ಬರೆಯುವುದಿಲ್ಲ. ಬೇಡ ಎಂದು ಯಾರೂ ಹೇಳಲಿಲ್ಲವಾದ್ದರಿಂದ ಅದು ಎಲ್ಲರ ಮಾತೇ.

ಚೆಂಡು ಬಂತು. 14 ಪೌಂಡು, ಅಂದರೆ ಆರು ಕೆ.ಜಿ.ಗೆ ಮೇಲೆ. ಕಡುನೀಲಿ ಬಣ್ಣ, ನಡುನಡುವೆ ಕೆಂಪು ಸುಳಿ. ಮೈ ಹೊಳೆಯುತ್ತಿರಲಿಲ್ಲ, ಕೈಯಾಡಿಸಿದರೆ ಸಣ್ಣಗೆ ಉಜ್ಜುಕಾಗದ ಹಾಕಿದ ಹಾಗೆ ಮಂಕಾಗಿತ್ತು. ಮಾರಿದವರು ಏನನ್ನೂ ಮುಚ್ಚಿಡಲಿಲ್ಲ. "ಇದು ಎಣ್ಣೆ ಜಾಸ್ತಿ ಇರೋ ಲೇನಿಗೆ ಅಂತಲೇ ಮಾಡಿದ್ದು" ಎಂದು ಹೇಳಿಯೇ ಕೊಟ್ಟಿದ್ದರು. ಲೇನಿಗೆ ಎಣ್ಣೆ ಹಚ್ಚುತ್ತಾರೆ ಎಂಬುದೇ ನಮ್ಮಲ್ಲಿ ಮುಕ್ಕಾಲು ಜನಕ್ಕೆ ಗೊತ್ತಿರಲಿಲ್ಲ. ಯಾವ ಎಣ್ಣೆ, ಎಷ್ಟು ಎಣ್ಣೆ ಎಂದು ಯಾರೂ ಕೇಳಲಿಲ್ಲ. ಎತ್ತರದವನ ಅಜ್ಜಿ ಮಾತ್ರ ಚೆಂಡನ್ನು ಹೊರಳಿಸಿ ನೋಡಿ, "ಇಷ್ಟು ದುಡ್ಡು ಕೊಟ್ಟು ತಂದಿದ್ದೀಯ, ಒರಳಿಗಾದರೂ ಆಗುತ್ತೇನೋ?" ಎಂದು ಕೇಳಿದರು.

ಸ್ಪರ್ಧೆಯ ಭಾನುವಾರ ನಮ್ಮ ಸರದಿ ಮಧ್ಯಾಹ್ನ ಮೂರಕ್ಕೆ. ಬೆಳಗ್ಗೆಯಿಂದ ಎರಡು ಬ್ಯಾಚು ಆಡಿ ಮುಗಿಸಿದ್ದವು. ಲೇನುಗಳನ್ನು ನೋಡಿಕೊಳ್ಳುವ ಒಬ್ಬ ಅಣ್ಣ ಇದ್ದರು, ಕೋಲಾರದ ಕಡೆಯವರು. ನಮ್ಮ ಮಾತಿನ ಧಾಟಿ ಕೇಳಿ ತಾವಾಗಿಯೇ ಹತ್ತಿರ ಬಂದರು. ಚೆಂಡಿನ ಮೇಲೆ ಅಂಗೈ ಸವರಿ ಹೇಳಿದರು: "ಲೇನಿಗೆ ನಿನ್ನೆ ಸಂಜೆ ಎಣ್ಣೆ ಹಚ್ಚಿದ್ದಪ್ಪ. ಈಗ ಒಣಗಿಬಿಟ್ಟಿದೆ. ಈ ಚೆಂಡು ಇವತ್ತು ಬೇಡ. ಅಲ್ಲಿ ಸ್ಟ್ಯಾಂಡಿನಲ್ಲಿ ಬಣ್ಣದ ಚೆಂಡುಗಳಿವೆ ನೋಡು, ಅದರಲ್ಲಿ ಒಂದು ತಗೋ."

ನಾವು ತಲೆಯಾಡಿಸಿ ನಕ್ಕೆವು. ಬಾಡಿಗೆ ಚೆಂಡಿನಲ್ಲಿ ಆಡುವುದಕ್ಕೆ ಚಿಲಮತ್ತೂರಿನಿಂದ 6,500 ರೂಪಾಯಿಯ ಚೆಂಡು ಹೊತ್ತು ತಂದಿದ್ದೇವಾ?

ಮೊದಲ ಎಸೆತ ಈಗಲೂ ಕಣ್ಣ ಮುಂದಿದೆ. ವೀಡಿಯೋದಲ್ಲಿದ್ದ ಹಾಗೆಯೇ ಬಲಗಡೆಗೆ ಗುರಿಯಿಟ್ಟು ಬಿಟ್ಟ. ಚೆಂಡು ಅರ್ಧ ದಾರಿಯನ್ನೂ ಮುಟ್ಟಿರಲಿಲ್ಲ, ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಎಡಕ್ಕೆ ತಿರುಗಿತು. ಮುಂದಿನ ಪಿನ್ನನ್ನು ಮುಟ್ಟಲೇ ಇಲ್ಲ, ಎಡಗಡೆಯ ಎರಡು ಪಿನ್ನು ಕೆಡವಿ ತಗ್ಗಿಗೆ ಬಿತ್ತು. ಎರಡನೆಯದಕ್ಕೆ ಇನ್ನೂ ಬಲಕ್ಕೆ ಗುರಿಯಿಟ್ಟ. ಅಲ್ಲಿ ಇನ್ನೂ ಒಣಗಿತ್ತು, ಇನ್ನೂ ಬೇಗ ತಿರುಗಿತು. ಮೊದಲ ಆಟದಲ್ಲಿ ಅವನ ಅಂಕ 79.

ನಮ್ಮ ತಂಡದಲ್ಲಿ ಹಿಂದೂಪುರದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುವ ಅಕ್ಕ ಒಬ್ಬರಿದ್ದರು. ಅವರು ಬೌಲಿಂಗ್ ಆಡಿದ್ದು ಹಿಂದೆ ಎರಡೇ ಸಲ. ಲೇನ್ ಅಣ್ಣ ಹೇಳಿದ್ದನ್ನು ಅವರೊಬ್ಬರೇ ಕಿವಿಗೆ ಹಾಕಿಕೊಂಡಿದ್ದರು. ಸ್ಟ್ಯಾಂಡಿನಲ್ಲಿ ನಾಲ್ಕು ಚೆಂಡು ಎತ್ತಿ ನೋಡಿ, ಹೆಬ್ಬೆರಳು ಸಲೀಸಾಗಿ ಹೊರಬರುವ 10 ಪೌಂಡಿನ ಹಸಿರು ಚೆಂಡು ತೆಗೆದುಕೊಂಡರು. ಗೆರೆಯ ಹತ್ತಿರ ಹೋಗಿ ನೇರವಾಗಿ ಬಿಟ್ಟರು. ಆ ಚೆಂಡು ಎಡಕ್ಕೂ ಬಾಗಲಿಲ್ಲ, ಬಲಕ್ಕೂ ಬಾಗಲಿಲ್ಲ. ಏಳು ಪಿನ್ನು, ಆಮೇಲೆ ಎರಡು. ಎಂಟು, ಆಮೇಲೆ ಎರಡು. ಅವರ ಮೊದಲ ಆಟ 112.

ಎರಡನೇ ಆಟ ಶುರುವಾಗುವ ಮೊದಲು ಅಕ್ಕ ಎತ್ತರದವನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬಿಡೋ, ಆ ಅಣ್ಣ ಹೇಳಿದ್ದು ನಿಜ. ನಮ್ಮಪ್ಪ ಮೊದಲು ಮಣ್ಣು ಮುಷ್ಟಿಯಲ್ಲಿ ಹಿಡಿದು ನೋಡ್ತಾರೆ, ಆಮೇಲೆ ಬೀಜದ ಮೂಟೆ ಬಿಚ್ತಾರೆ. ನಾವು ಬೀಜ ಮೊದಲು ಕೊಂಡು ಆಮೇಲೆ ಹೊಲ ನೋಡ್ತಾ ಇದ್ದೀವಿ."

ನಮ್ಮ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇಶದಲ್ಲೇ ಮಳೆ ಕಡಿಮೆ ಬೀಳುವ ಕಡೆ ಬದುಕುವವರು ನಾವು. ಮಳೆ ಹೊತ್ತಿಗೆ ಬಂದು ನೆಲ ಹದವಾದರೆ ಕಡಲೆಕಾಯಿ. ತಡವಾಯಿತೋ, ಕಡಲೆಕಾಯಿ ಬೀಜ ಮನೆಯಲ್ಲಿದ್ದರೂ ಅದನ್ನು ಬಿಟ್ಟು ಹುರುಳಿ ಚೆಲ್ಲುತ್ತಾರೆ. ಬೀಜಕ್ಕೆ ಕೊಟ್ಟ ದುಡ್ಡು ನೆನೆದುಕೊಂಡು ಒಣ ಮಣ್ಣಿಗೆ ಕಡಲೆಕಾಯಿ ಹಾಕಿದವನಿಗೆ ಬೀಜವೂ ಹೋಯಿತು, ದುಡ್ಡೂ ಹೋಯಿತು.

ಎತ್ತರದವನು ಅಕ್ಕನ ಮಾತಿಗೆ ಉತ್ತರ ಕೊಡಲಿಲ್ಲ. ನಮ್ಮ ಕಡೆ ನೋಡಿದ. ಅವನು ಬದಲಾಯಿಸಲು ಸಿದ್ಧನಿದ್ದ ಎಂದು ಈಗ ಅನ್ನಿಸುತ್ತದೆ. ಬೇಡ ಎಂದದ್ದು ಹಿಂದೆ ಕುಳಿತಿದ್ದ ನಾವು. "ಒಂದು ಆಟಕ್ಕೇ ಬಿಟ್ಟುಬಿಟ್ಟರೆ ಹೇಗೆ? ಅಷ್ಟು ದುಡ್ಡು ಹಾಕಿದ್ದೀವಿ" ಎಂದೆವು. ಅವನು ಮತ್ತೆ ನೀಲಿ ಚೆಂಡೇ ಎತ್ತಿಕೊಂಡ. ಎರಡನೇ ಆಟ, 84. ಪ್ರತಿ ಎಸೆತ ತಗ್ಗಿನ ಕಡೆ ಹೊರಳುವಾಗಲೂ ನಮಗೆ ಕಂಡದ್ದು ಪಿನ್ನಲ್ಲ, ನೋಟ್‌ಬುಕ್ಕು.

ಮೂರನೇ ಆಟಕ್ಕೆ ಮುಂಚೆ ಅವನೇ ಎದ್ದು ಹೋಗಿ ನೀಲಿ ಚೆಂಡನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದ. ಸ್ಟ್ಯಾಂಡಿನಿಂದ 14 ಪೌಂಡಿನ ಒಂದು ಕಿತ್ತಳೆ ಬಣ್ಣದ ಚೆಂಡು ತಂದ. ಮೇಲೆಲ್ಲ ಗೀರು, ನೂರಾರು ಕೈ ಹಿಡಿದ ಚೆಂಡು. ಲೇನ್ ಅಣ್ಣ ದೂರದಿಂದಲೇ, "ಜೋರಾಗಿ ಬಿಡು, ಮಣಿಕಟ್ಟು ತಿರುಗಿಸಬೇಡ" ಎಂದು ಕೂಗಿದರು. ಅವನು 138 ಹೊಡೆದ. ಅಕ್ಕ 126. ಎರಡನೇ ಬಹುಮಾನ ಪಡೆದ ತಂಡಕ್ಕೂ ಮೂರನೆಯವರಾದ ನಮಗೂ ಇದ್ದ ಅಂತರ 41 ಪಿನ್ನು. ಮೊದಲೆರಡು ಆಟದಲ್ಲಿ ಅವನು ಎಂದಿನಂತೆ ಬಾಡಿಗೆ ಚೆಂಡಿನಲ್ಲಿ ಆಡಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕವನ್ನು ಹೆಬ್ಬಾಳದಿಂದ ಬಾಗೇಪಲ್ಲಿಯವರೆಗೂ ಬಸ್ಸಿನಲ್ಲಿ ಹಾಕುತ್ತಲೇ ಇದ್ದೆವು. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗುತ್ತಿರಲಿಲ್ಲ.

ಹೊರಡುವ ಮೊದಲು ಲೇನ್ ಅಣ್ಣನನ್ನು ಕೇಳಿದೆವು, ಆಮೇಲೆ ಓದಿಯೂ ತಿಳಿದುಕೊಂಡೆವು. ಅದನ್ನು ಇಲ್ಲಿ ಬರೆದಿಡುತ್ತೇವೆ, ನಮ್ಮ ಹಾಗೆ ಇನ್ನೊಬ್ಬರು ದಂಡ ತೆರುವುದು ಬೇಡ.

ಲೇನಿಗೆ ಎಣ್ಣೆ ಹಚ್ಚುವ ಪದ್ಧತಿ ಶುರುವಾದದ್ದು ಚೆಂಡಿನ ಉಜ್ಜಾಟದಿಂದ ಮರವನ್ನು ಕಾಪಾಡಲು. ಒಂದು ಲೇನಿಗೆ ಬೇಕಾಗುವುದು ಇಪ್ಪತ್ತು ಮೂವತ್ತು ಮಿಲಿಲೀಟರ್, ಕೆಮ್ಮಿನ ಔಷಧದ ಎರಡು ಮೂರು ಮುಚ್ಚಳದಷ್ಟು ಅಷ್ಟೇ. ಯಂತ್ರ ಅದನ್ನು ಸುಮಾರು ಮೊದಲ 40 ಅಡಿಗೆ ತೆಳುವಾಗಿ ಹರಡುತ್ತದೆ. ಸಾಮಾನ್ಯ ಲೇನಿನಲ್ಲಿ ನಡುವೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಕೊನೆಯ 20 ಅಡಿ ಒಣ. ತಿರುಗಿಸಿ ಬಿಟ್ಟ ಚೆಂಡು ಎಣ್ಣೆಯ ಮೇಲೆ ಜಾರುತ್ತ ಹೋಗುತ್ತದೆ, ಒಣ ಭಾಗ ಸಿಕ್ಕಿದಾಗ ನೆಲ ಹಿಡಿದು ಬಾಗುತ್ತದೆ. ಹುಕ್ ಅಂದರೆ ಇಷ್ಟೇ. ಮುದ್ದೆ ಉಣ್ಣುವವರಿಗೆ ಇದು ತಿಳಿಯದ್ದೇನಲ್ಲ: ಸಾರಿನಲ್ಲಿ ಅದ್ದಿದ ತುತ್ತು ಜಾರಿ ಇಳಿಯುತ್ತದೆ, ಸಾರಿಲ್ಲದ ತುತ್ತು ಗಂಟಲಲ್ಲೇ ಹಿಡಿಯುತ್ತದೆ. ಆಟ ನಡೆದ ಹಾಗೆ ಪ್ರತಿ ಚೆಂಡೂ ಒಂದಿಷ್ಟು ಎಣ್ಣೆಯನ್ನು ಒಯ್ಯುತ್ತದೆ. ಹಚ್ಚಿ ಬಹಳ ಹೊತ್ತಾದ, ಬಹಳ ಜನ ಆಡಿದ ಲೇನಿನಲ್ಲಿ ಹಿಡಿತ ಮೊದಲಿನಿಂದಲೇ ಶುರುವಾಗುತ್ತದೆ. ಅದೇ ಒಣ ಲೇನು. ಅಲ್ಲಿ ಚೆಂಡು ಬೇಗ ಬಾಗುತ್ತದೆ, ಬೇಗ ಬಾಗಿದ್ದರಿಂದ ಪಿನ್ನಿಗೆ ಮುಟ್ಟುವ ಹೊತ್ತಿಗೆ ಕಸುವೂ ಕಳೆದುಕೊಂಡಿರುತ್ತದೆ.

ಆದ್ದರಿಂದ ಒಣ ಲೇನಿಗೆ ಬೇಕಾದದ್ದು ಹಿಡಿತ ಕಡಿಮೆ ಇರುವ ಚೆಂಡು. ಮೊದಲು ನೋಡಬೇಕಾದದ್ದು ಅದರ ಹೊರಮೈ. ಹಿಂದೆ ಚೆಂಡು ಮರದ್ದಿತ್ತು, ಆಮೇಲೆ ರಬ್ಬರಿನದು. 1960ರ ಸುಮಾರಿಗೆ ಪಾಲಿಯೆಸ್ಟರ್ ಪ್ಲಾಸ್ಟಿಕ್ಕು ಬಂತು, 1980ರ ದಶಕದಲ್ಲಿ ಯುರೆಥೇನ್, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್. ರಿಯಾಕ್ಟಿವ್ ಚೆಂಡಿನ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ, ಅದು ಎಣ್ಣೆಯನ್ನು ಹೀರುತ್ತದೆ, ನೆಲವನ್ನು ಬಲವಾಗಿ ಹಿಡಿಯುತ್ತದೆ. ನಾವು ಕೊಂಡದ್ದು ಅದು. ಪ್ಲಾಸ್ಟಿಕ್ ಚೆಂಡಿನದು ಅತಿ ಕಡಿಮೆ ಹಿಡಿತ, ಹೆಚ್ಚು ಕಡಿಮೆ ನೇರ ಹೋಗುತ್ತದೆ. ಸ್ಟ್ಯಾಂಡಿನಲ್ಲಿ ಸಾಲಾಗಿ ಇಟ್ಟಿರುವ ಬಣ್ಣಬಣ್ಣದ ಬಾಡಿಗೆ ಚೆಂಡುಗಳು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನವೇ. ಅಂದರೆ ಒಣ ಲೇನಿಗೆ ಬೇಕಾದ ಚೆಂಡು ಅಲ್ಲೇ ಬಿಟ್ಟಿಯಾಗಿ ಸಿಗುತ್ತದೆ. ಒಂದಿಷ್ಟು ಬಾಗಲೇಬೇಕು, ಆದರೆ ಕೈಮೀರಬಾರದು ಅನ್ನುವವರು ಯುರೆಥೇನ್ ಅಥವಾ ಹಿಡಿತ ಕಡಿಮೆ ಇರುವ ರಿಯಾಕ್ಟಿವ್ ನೋಡುತ್ತಾರೆ. ಯುರೆಥೇನ್ ನಿಧಾನವಾಗಿ, ಒಂದೇ ಸಮನೆ ಬಾಗುತ್ತದೆ. ತೀರಾ ಒಣಗಿದ ಲೇನಿನಲ್ಲಿ ಅದೂ ಬೇಗನೆ ಹಿಡಿಯಬಹುದು, ಎರಡು ಎಸೆತ ಬಿಟ್ಟು ನೋಡಬೇಕು.

ಎರಡನೆಯದು ಮೈಯ ನುಣುಪು. ಚೆಂಡಿನ ಮೈಯನ್ನು ಉಜ್ಜುವ ಕಾಗದಕ್ಕೆ ಸಂಖ್ಯೆ ಇರುತ್ತದೆ. 500, 1000 ಅಂದರೆ ಒರಟು, 4000 ಅಂದರೆ ನುಣುಪು, ಅದರ ಮೇಲೆ ಪಾಲಿಶ್ ಹಾಕಿದರೆ ಕನ್ನಡಿ. ಒರಟು ಮೈ ಎಣ್ಣೆಯನ್ನು ಸೀಳಿ ನೆಲ ಹಿಡಿಯಲು, ನುಣುಪು ಮೈ ಒಣ ನೆಲದ ಮೇಲೆ ಇನ್ನಷ್ಟು ದೂರ ಜಾರಲು. ನಮ್ಮ ನೀಲಿ ಚೆಂಡಿಗೆ ಅಂಗಡಿಯಲ್ಲಿ ಪಾಲಿಶ್ ಹಾಕಿಸಿದ್ದರೂ ಒಂದಿಷ್ಟು ಪಳಗುತ್ತಿತ್ತಂತೆ.

ಮೂರನೆಯದು ಹೊಟ್ಟೆಯೊಳಗಿನ ಭಾರ. ಸ್ವಂತ ಚೆಂಡು ಕೊಳ್ಳುವವರಿಗೆ ಮಾತ್ರ ಇದು ಬೇಕು. ಭಾರ ನಡುವೆ ಗುಂಪಾಗಿದ್ದರೆ ಚೆಂಡು ಬೇಗ ಉರುಳಾಟಕ್ಕೆ ಬೀಳುತ್ತದೆ, ಮೈ ಕಡೆಗೆ ಹರಡಿದ್ದರೆ ತಡವಾಗಿ. ಇದನ್ನು ಆರ್‌ಜಿ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅದು 2.46ರಿಂದ 2.80ರವರೆಗೆ ಇರಬಹುದು. ಒಣ ಲೇನಿಗೆ ದೊಡ್ಡ ಅಂಕಿ ಒಳ್ಳೆಯದು. ಡಿಫರೆನ್ಷಿಯಲ್ ಎಂಬ ಇನ್ನೊಂದು ಅಂಕಿ ಇದೆ, ಗರಿಷ್ಠ 0.060. ಅದು ಹೆಚ್ಚಿದಷ್ಟೂ ಚೆಂಡು ಪ್ರತಿ ಸುತ್ತಿಗೆ ಹೊಸ ಮೈಯನ್ನು ನೆಲಕ್ಕೆ ಕೊಟ್ಟು ಹೆಚ್ಚು ಹಿಡಿಯುತ್ತದೆ. ಒಣ ಲೇನಿಗೆ ಅದು ಚಿಕ್ಕದಿರಲಿ.

ತೂಕ ಮಾತ್ರ ಲೇನು ನೋಡಿ ಅಲ್ಲ, ತೋಳು ನೋಡಿ. ಬಾಡಿಗೆ ಚೆಂಡಿನ ಮೇಲೆ ಬರೆದಿರುವ ಸಂಖ್ಯೆ ಪೌಂಡಿನದು, 16ಕ್ಕಿಂತ ಹೆಚ್ಚಿನದು ಇಲ್ಲ. ಮೈತೂಕದ ಹತ್ತರಲ್ಲಿ ಒಂದು ಪಾಲು ಎಂದು ಸ್ಥೂಲವಾಗಿ ಹೇಳುತ್ತಾರೆ. ಇಡೀ ಆಟ ಒಂದೇ ವೇಗದಲ್ಲಿ ಬಿಡಲು ಆಗುವಷ್ಟಿರಲಿ. ಹೆಬ್ಬೆರಳಿನ ತೂತು ಅಕ್ಕ ನೋಡಿದ ಹಾಗೆ ನೋಡಿ: ಒತ್ತಿ ಹಿಡಿಯದಿದ್ದರೂ ಚೆಂಡು ಬೀಳಬಾರದು, ಬಿಡುವಾಗ ಬೆರಳು ಸಿಕ್ಕಿಕೊಳ್ಳಲೂ ಬಾರದು.

ಚೆಂಡು ಬದಲಾಯಿಸಲು ಆಗದಿದ್ದರೆ ಉಳಿಯುವುದು ನಮ್ಮ ಕೈಯ ಕೆಲಸ. ಸ್ವಲ್ಪ ವೇಗ ಹೆಚ್ಚಿಸುವುದು. ಮಣಿಕಟ್ಟನ್ನು ತಿರುಗಿಸದೆ ಅಂಗೈಯನ್ನು ಚೆಂಡಿನ ಹಿಂದೆಯೇ ಇಟ್ಟು ಬಿಡುವುದು. ಬಲಗೈಯವರು ನಿಲ್ಲುವ ಜಾಗವನ್ನು ಎಡಕ್ಕೆ ಸರಿಸಿ, ನಡುವೆ ಉಳಿದಿರುವ ಎಣ್ಣೆಯ ಮೇಲೆ ಚೆಂಡು ಹೋಗುವ ಹಾಗೆ ನೋಡುವುದು. ನಮ್ಮವನು ಮಾಡಿದ್ದು ತದ್ವಿರುದ್ಧ, ಎಣ್ಣೆ ಇಲ್ಲದ ಬಲಗಡೆಯ ಅಂಚಿಗೇ ಹೋದ.

ಇಷ್ಟೆಲ್ಲ ತಿಳಿಯಲು ದುಡ್ಡೇನೂ ಬೇಕಿರಲಿಲ್ಲ. ಎಣ್ಣೆ ಯಾವಾಗ ಹಚ್ಚಿದ್ದು ಎಂದು ಕೇಳಬೇಕಿತ್ತು, ನಮಗಿಂತ ಮುಂಚೆ ಆಡುವವರ ಚೆಂಡು ಎಲ್ಲಿ ಬಾಗುತ್ತದೆ ಎಂದು ಐದು ನಿಮಿಷ ನಿಂತು ನೋಡಬೇಕಿತ್ತು. ಮುಖ್ಯವಾಗಿ, ಕೇಳದೆಯೇ ಬಂದು ಹೇಳಿದವರ ಮಾತನ್ನು ಕೇಳಬೇಕಿತ್ತು.

ಆದರೆ ನಮ್ಮನ್ನು ಹೆಚ್ಚು ಚುಚ್ಚಿದ್ದು ಚೆಂಡು ಕೊಂಡದ್ದಲ್ಲ, ಎರಡನೇ ಆಟ. ಮೊದಲ ಆಟದಲ್ಲಿ ನಮಗೆ ತಿಳಿದಿರಲಿಲ್ಲ ಎನ್ನಬಹುದು. ಎರಡನೇ ಆಟದಲ್ಲಿ ತಿಳಿದಿತ್ತು. ಚೆಂಡು ತಪ್ಪು ಎಂದು ಕಣ್ಣಿಗೆ ಕಂಡಿತ್ತು, ಇಬ್ಬರು ಬಾಯಿಬಿಟ್ಟು ಹೇಳಿದ್ದರು. ಆದರೂ ಕೊಟ್ಟ ದುಡ್ಡಿಗೆ ಕಟ್ಟುಬಿದ್ದು ಅದೇ ಚೆಂಡನ್ನು ಮತ್ತೆ ಬಿಡಿಸಿದೆವು. ಆ ದುಡ್ಡು ನಮ್ಮದಾಗಿದ್ದರೆ ಅಷ್ಟು ಹಟ ಹಿಡಿಯುತ್ತಿರಲಿಲ್ಲವೇನೋ. ನಿಮ್ಮದಾಗಿತ್ತು, ಅದಕ್ಕೇ ಅದು ಸರಿಯಾಗಲೇಬೇಕಿತ್ತು. ಮೊದಲ ತಪ್ಪನ್ನು ಮುಚ್ಚಲು ಹೋಗಿ ಅದನ್ನೇ ಎರಡು ಮಾಡಿಕೊಂಡೆವು. ಅವನ ಮೇಲೆ ಒತ್ತಡ ಹಾಕಿದ್ದು ನಾವು, ಸೋತು ಬಂದ ಮೇಲೆ ಎರಡು ವಾರ ಅವನ ಜೊತೆ ಸರಿಯಾಗಿ ಮಾತಾಡದವರೂ ನಾವೇ. ಅದಕ್ಕೆ ಅವನ ಹತ್ತಿರ ಕ್ಷಮೆ ಕೇಳಿದ್ದೇವೆ. ಇಲ್ಲಿ ಎಲ್ಲರೆದುರು ಇನ್ನೊಮ್ಮೆ ಕೇಳುತ್ತೇವೆ.

ಫೆಬ್ರವರಿಯಲ್ಲಿ ಒಂಬತ್ತೂ ಜನ ಒಟ್ಟಿಗೆ ಹೋಗಿ ಫಾದರ್ ಹತ್ತಿರ ಹೇಳಿಕೊಂಡೆವು. ಅವರು ಬೈಯುತ್ತಾರೆ ಎಂದುಕೊಂಡಿದ್ದೆವು. ಪೂರ್ತಿ ಕೇಳಿಸಿಕೊಂಡು, "ನನಗೆ ಹೇಳಿದ್ದಾಯ್ತು. ಹಣ ಕೊಟ್ಟವರಿಗೆ ಯಾವಾಗ ಹೇಳ್ತೀರಿ?" ಎಂದರು. ಹಣ ತುಂಬಿದ ಮೇಲೆ ಹೇಳುತ್ತೇವೆ ಎಂದೆವು. ಅವರು, "ಹೇಳುವುದು ಮಾತ್ರ ಮರೆಯಬೇಡಿ" ಎಂದು ಎದ್ದು ಹೋದರು.

ಹಣ ಹುಟ್ಟಿಸಲು ದಾರಿ ತೋರಿಸಿದ್ದೂ ಅಕ್ಕನೇ. ಹುಣಸೆಹಣ್ಣಿನ ಕಾಲ ಬಂದಿತ್ತು. ಹಿಂದೂಪುರದ ಮಾರುಕಟ್ಟೆಗೆ ಹೋಗುವ ಮುಂಚೆ ಹಣ್ಣಿನ ಸಿಪ್ಪೆ ಬಿಡಿಸಬೇಕು, ಬಡಿದು ಬೀಜ ತೆಗೆಯಬೇಕು, ನಾರು ಎಳೆಯಬೇಕು. ಕೆ.ಜಿ. ಲೆಕ್ಕದಲ್ಲಿ ಕೂಲಿ. ನಮ್ಮ ಮನೆಗಳಲ್ಲಿ ಅವ್ವಂದಿರು ಈ ಕೆಲಸ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇವೆ, ಪಕ್ಕದಲ್ಲಿ ಕುಳಿತು ಹಣ್ಣು ಕದ್ದು ತಿಂದಿದ್ದೇವೆ, ಕೈ ಹಾಕಿದ್ದು ಕಡಿಮೆ. ಏಳು ಶನಿವಾರ ಕುಳಿತೆವು. ಬೆಂಗಳೂರಿನ ಮೂವರು ರಾತ್ರಿ ಬಸ್ಸಿಳಿದು ಬಂದು ಭಾನುವಾರ ಬಲಿಪೂಜೆಯಾದ ಮೇಲೆ ತಮ್ಮ ಪಾಲು ಮಾಡಿದರು. ಮೊದಲ ವಾರ ಬೆರಳೆಲ್ಲ ಉರಿ, ಉಗುರಿನ ಸಂದಿಯೆಲ್ಲ ಕಪ್ಪು. ದಿನವಿಡೀ ಬಡಿದರೂ ಕೈಗೆ ಬಂದದ್ದು ನೋಡಿ ನಮ್ಮಲ್ಲಿ ಕಾಲೇಜಿಗೆ ಹೋಗುವ ತಂಗಿ, "ಒಂದು ತೂತು ಕೊರೆಸಿದ ದುಡ್ಡೂ ಆಗಲಿಲ್ಲವಲ್ಲ" ಎಂದಳು. ನಗು ಬಂತು, ಆಮೇಲೆ ಯಾರೂ ನಗಲಿಲ್ಲ. ಕ್ಯಾರಲ್ಸ್ ಡಬ್ಬಿಗೆ ಹತ್ತು, ಇಪ್ಪತ್ತು ಹಾಕಿದ ಎಷ್ಟೋ ಕೈಗಳು ಇದೇ ಕೆಲಸ ಮಾಡಿದ ಕೈಗಳು ಎಂದು ನಮಗೆ ಹೊಳೆದದ್ದು ಆವತ್ತು.

ಏಪ್ರಿಲ್ ಎರಡನೇ ವಾರಕ್ಕೆ 6,500 ರೂಪಾಯಿ ಪೂರ್ತಿಯಾಯಿತು. ಡಬ್ಬಿಯ ಬೀಗದ ಕೈ ಈಗ ನಮ್ಮ ಹತ್ತಿರ ಇಲ್ಲ. ಒಂದು ಕೈ ಫಾದರ್ ಹತ್ತಿರ, ಇನ್ನೊಂದು ಧರ್ಮಕೇಂದ್ರದ ಹಿರಿಯರೊಬ್ಬರ ಹತ್ತಿರ. ಎರಡು ಬೀಗ ಹಾಕಿಸಬೇಕೆಂದು ಕೇಳಿಕೊಂಡವರು ನಾವೇ.

ಚೆಂಡು ಎತ್ತರದವನ ಮಂಚದ ಕೆಳಗಿದೆ. ಅವನ ಬೆರಳಿಗೆ ಕೊರೆಸಿದ್ದರಿಂದ ಕೊಳ್ಳುವವರು ಬೇಗ ಸಿಗುವುದಿಲ್ಲ. ಸಿಕ್ಕಿದರೆ ಬಂದಷ್ಟು ಹಣವೂ ಡಬ್ಬಿಗೇ. ಚೆಂಡಿನ ಮೇಲೆ ನಮಗೆ ಸಿಟ್ಟಿಲ್ಲ. ಎಣ್ಣೆ ಚೆನ್ನಾಗಿರುವ ಲೇನಿನಲ್ಲಿ ಅದು ನಿಜಕ್ಕೂ ಒಳ್ಳೆಯ ಚೆಂಡೇ ಇರಬೇಕು. ಬೆಂಗಳೂರಿನವರು ಮುಂದಿನ ಜನವರಿಗೆ ಮತ್ತೆ ಕರೆದಿದ್ದಾರೆ. ಹೋಗುತ್ತೇವೆ, ಬರಿಗೈಯಲ್ಲಿ ಹೋಗುತ್ತೇವೆ. ಒಂದು ಗಂಟೆ ಮೊದಲೇ ಹೋಗಿ ಲೇನು ನೋಡುತ್ತೇವೆ, ಕೋಲಾರದ ಅಣ್ಣ ಇದ್ದರೆ ಮೊದಲು ಅವರನ್ನು ಮಾತಾಡಿಸುತ್ತೇವೆ. ಚೆಂಡು ಆರಿಸುವ ಕೆಲಸ ಅಕ್ಕನದು.

ಜೂನ್ ತಿಂಗಳ ಮೊದಲ ಭಾನುವಾರ ಬಲಿಪೂಜೆಯ ನಂತರ ನೋಟ್‌ಬುಕ್ ಹಂಚುತ್ತೇವೆ. ಲೆಕ್ಕದ ಪುಸ್ತಕವನ್ನು ಬಾಗಿಲ ಹತ್ತಿರ ಮೇಜಿನ ಮೇಲೆ ಇಟ್ಟಿರುತ್ತೇವೆ. ದಯವಿಟ್ಟು ತೆರೆದು ನೋಡಿ. ಜನವರಿಯ ಪುಟದಲ್ಲಿ 'ಬೌಲಿಂಗ್ ಚೆಂಡು, 6,500' ಎಂದು ಬರೆದಿದೆ. ಅದನ್ನು ನಾವು ಹೊಡೆದುಹಾಕಿಲ್ಲ.

ನಿಮ್ಮ,
ಯುವಜನರು, ಚಿಲಮತ್ತೂರು